ನಾಗಿಗೆ ಸಿಕ್ಕ ಪೂರ್ತಿ ಬೈಗುಳ

ನಮ್ಮ ಕೇಣಿ ಊರಿನ ನಾಗಿಯಷ್ಟು ದಡ್ಡಿಯನ್ನ ನಾನು ಕಂಡಿಲ್ಲ. ಪಕ್ಕದ ಮನೆಯ ಬೊಮ್ಮಿ ನಾನು, ಹೇಳೂ ಹಕ್ಕು ನಂಗದೆ. ಅಕ್ಕ ಸತ್ತಾಗ ಅವಳ ಮಗ ಸಂದೇಶನನ್ನ ಸೊಂಟಕ್ಕೇರಿಸ್ಕಂಡು ಬಂದ್ಲು. ಅವನ ಅಪ್ಪ ಕುಪ್ಪ ಗೋವಾದ ಮೀನು ಹಿಡಿಯೂ ಟ್ರಾಲರ್ ಹತ್ತಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಕೋರ್ಟಿಗೆ ಹೋಗಿ ಹುಡುಗನನ್ನ ತನ್ನ ಹೆಸರಿಗೆ ಮಾಡ್ಕಬೇಕು ಅಂತ ಇವಳಿಗೆ ಹೊಳೀಲೇ ಇಲ್ಲ. ಹಸಿದ ಮಗುವಿಗೆ ಗಂಜಿ ಹಾಕೂಕೆ ವಕೀಲನ್ನ ಕೇಳೂದು ನಮ್ಮ ಕಡೆ ರೂಢಿ ಇಲ್ಲ ನೋಡಿ.

ಆ ಮಗುವಿಗೆ ಈಗ ಹದಿನೇಳು. ಕೂದಲಿಗೆ ಕೆಂಪು ಬಣ್ಣ, ಯಾರದ್ದೋ ಬೈಕು, ದಿನಕ್ಕೊಂದು ಜಗಳ. ಚಿಕ್ಕಿ ಬಾಯಿ ಬಿಟ್ಟರೆ, "ನೀ ಯಾರು ನಂಗೆ ಹೇಳೂಕೆ? ನನ್ನ ಹೆತ್ತ ಆಯಿಯಾ?" ಅಂತಿದ್ದ. ಹಾಗಂದು, ಅವಳೇ ಹುರಿದಿಟ್ಟ ಬಂಗಡೆ ತಿಂದು ಎದ್ದು ಹೋಗ್ತಿದ್ದ.

ಕಾರವಾರದ ಕಾಲೇಜಲ್ಲಿ ಒಬ್ಬನ ಹಲ್ಲು ಉದುರಿಸಿದ. ಪ್ರಿನ್ಸಿಪಾಲರು ಕರೆಸಿದ್ರು. ನಾಗಿ ತನ್ನ ಮೀನು ಬುಟ್ಟಿ ನನ್ನ ತಲೆಗೆ ಕಟ್ಟಿ ಬಸ್ಸು ಹತ್ತಿದ್ಲು. "ಮಗನನ್ನ ಹೀಗಾ ಬೆಳೆಸೋದು?" ಅಂತ ಅವರು ಶುರು ಮಾಡಿದ್ರಂತೆ. ಇವಳು ಸತ್ಯ ಹರಿಶ್ಚಂದ್ರನ ಮೊಮ್ಮಗಳು, "ನಾ ಅವನ ಚಿಕ್ಕಿ" ಅಂದ್ಬಿಟ್ಲು. ಬೈಗುಳ ಅರ್ಧಕ್ಕೇ ನಿಂತಿತು.

"ನಿಮ್ಮ ಸಹಿ ನಡೆಯೋದಿಲ್ಲ. ತಂದೆಯನ್ನ ಕರ್ಕೊಂಡು ಬನ್ನಿ, ಇಲ್ಲಾಂದ್ರೆ ಹುಡುಗ ಹೊರಗೆ."

ನಾಗಿ ಹೇಳಿಕಳಿಸಿದ ಮೇಲೆ ಕುಪ್ಪ ಗೋವಾದಿಂದ ಬಂದ. ಇಸ್ತ್ರಿ ಶರ್ಟು ನೋಡಿಯೇ ಕುರ್ಚಿ ಕೊಟ್ರು. ಮಗ ಯಾವ ಕ್ಲಾಸು ಅಂತ ಗೊತ್ತಿಲ್ಲದ ಮಹಾರಾಯ, ಸಹಿ ಮಾತ್ರ ಚೆಂದ ಹಾಕಿದ. ಹೊರಗೆ ಬಂದವನೇ, "ಓದಿದ್ದು ಸಾಕು, ನಾಳೆ ನನ್ನ ಸಂಗಡ ಟ್ರಾಲರಿಗೆ ಬರ್ಲಿ. ತಂದೆ ನಾನು" ಅಂದ. ಕಾನೂನು ಅವನ ಕಡೆಗೇ. ನಾಗಿ ನನ್ನ ಹಿತ್ತಿಲಿಗೆ ಬಂದು ಸೆರಗು ಬಾಯಿಗೊತ್ತಿ ಅತ್ಲು. "ಅವ ಹೋದ್ರೆ ನಂಗೆ ಮನೆ ಎಂತಕೆ, ಬೊಮ್ಮಿ?" ಬೈಯೂಕೆ ಬಾಯಿ ತೆರೆದವಳು ಚಾ ಕಾಸಿ ಕೊಟ್ಟೆ.

ಮರುದಿನ ಬೆಳಿಗ್ಗೆ ರಂಪಣಿ ಬಿಟ್ಟಿದ್ರು. ಊರಿಡೀ ದಂಡೆಯಲ್ಲಿ ನಿಂತು ಎಳೆಯೂ ದೊಡ್ಡ ಬಲೆ ಅದು. ಹಗ್ಗ ಹಿಡಿದವರಿಗೆಲ್ಲ ಮೀನಿನ ಪಾಲು. ಹೊತ್ತು ನೆತ್ತಿಗೇರದೆ ಏಳದ ಸಂದೇಶ ಅವತ್ತು ನಾಗಿಯ ಹಿಂದೆ ನಿಂತು ತುಟಿ ಕಚ್ಚಿ ಎಳೆದ. ಬಲೆ ದಂಡೆಗೆ ಬಂದ ಮೇಲೆ ಕುಪ್ಪ ಆಕಳಿಸ್ತಾ ಬಂದು ಬುಟ್ಟಿಗೆ ಬಂಗಡೆ ತುಂಬೂಕೆ ಬಗ್ಗಿದ. ಸಂದೇಶ ಬುಟ್ಟಿ ಕಸಿದು ಮೀನನ್ನೆಲ್ಲ ರಾಶಿಗೇ ಸುರಿದ.

"ಹಗ್ಗ ಹಿಡ್ದಿದ್ಯಾ ನೀನು?"

"ನಾ ನಿನ್ನ ಅಪ್ಪ" ಅಂದ ಕುಪ್ಪ.

"ಅದಕ್ಕೆ ಇಲ್ಲಿ ಪಾಲಿಲ್ಲ. ನಾ ಬರೂದಿಲ್ಲ, ನೀ ಹೋಗು."

ಹಗ್ಗ ಎಳೆದವರಲ್ಲಿ ಮುದುಕ ಜಟ್ಟ ಮೊದಲು ನಕ್ಕ, ಆಮೇಲೆ ದಂಡೆಯೇ ನಕ್ಕಿತು. ಕುಪ್ಪ ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಗೋವಾದ ಬಸ್ಸು ಹತ್ತಿದ. ಕಾನೂನನ್ನೂ ಜೊತೆಗೇ ಕರ್ಕಂಡು ಹೋದ ಅನ್ನಿ.

ಹಾಗಂತ ಹುಡುಗ ದೇವರಾದ ಅಂದ್ಕಬೇಡಿ. ಮೊನ್ನೆ ಲೈಸೆನ್ಸಿಲ್ಲದೆ ಬೈಕು ಓಡಿಸಿ ಸಿಕ್ಕಿಬಿದ್ದ. ಪೊಲೀಸರು ನಾಗಿಯನ್ನ ಕರೆಸಿ, "ನೀನು ಇವನಿಗೆ ಯಾರು?" ಅಂತ ಕೇಳಿದ್ರು. ಆ ಹರಿಶ್ಚಂದ್ರನ ಮೊಮ್ಮಗಳು ಬಾಯಿ ತೆರೆಯೂ ಮೊದಲೇ ಸಂದೇಶ ನೆಲ ನೋಡ್ತಾ ಅಂದ, "ನನ್ನ ಆಯಿ."

ಆಮೇಲೆ ಅವರು ಅವಳಿಗೆ ಬೈದದ್ದೇ ಬೈದದ್ದು.

ಬಸ್ಸಿಳಿದವಳು ತನ್ನ ಮನೆಗೂ ಹೋಗದೆ ನೆಟ್ಟಗೆ ನನ್ನ ಬಾಗಿಲಿಗೆ ಬಂದ್ಲು. ಮುಖ ಊರಗಲ.

"ಪೂರ್ತಿ ಬೈದ್ರು ಬೊಮ್ಮಿ" ಅಂದ್ಲು. "ಅರ್ಧಕ್ಕೆ ನಿಲ್ಲಿಸ್ಲೇ ಇಲ್ಲ."