ಮೂರು ಬೆರಳು ಉದ್ದ

ನಮ್ಮಕ್ಕ ಫುಟ್‌ಬಾಲ್ ಕೋಚ್. ಹನ್ನೆರಡರಿಂದ ಹದಿನೈದು ವರ್ಷದ ಹುಡುಗಿಯರಿಗೆ ಇಪ್ಪತ್ತೆರಡು ವರ್ಷದಿಂದ ಆಟ ಕಲಿಸುತ್ತಿದ್ದಾಳೆ. ಆ ವಯಸ್ಸಿನ ಮಕ್ಕಳ ಸಹವಾಸ ಯಾರಿಗೂ ಬೇಡ. ಇವತ್ತು ನಕ್ಕವರು ನಾಳೆ ಮೂತಿ ತಿರುಗಿಸುತ್ತಾರೆ, ಶೂ ಲೇಸು ಬಿಚ್ಚಿಕೊಂಡರೂ ಅಳುತ್ತಾರೆ. ಅಕ್ಕನಿಗೆ ಮಾತ್ರ ಅವರೇ ಪ್ರಾಣ. ನಾನು ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಮಷಿನ್ನು. ತಂಡದ ಜೆರ್ಸಿ ಹೊಲಿಯುವುದೂ ನಾನೇ, ತಡವಾಯಿತೆಂದು ಅಕ್ಕನ ಕೈಲಿ ಬೈಸಿಕೊಳ್ಳುವುದೂ ನಾನೇ.

ಅಕ್ಕನದೊಂದು ಪದ್ಧತಿಯಿದೆ. ಪ್ರತಿ ತಿಂಗಳ ಮೊದಲ ಶನಿವಾರ ಮೈದಾನದ ಸಾಮಾನು ಕೋಣೆಯ ಬಾಗಿಲಿಗೆ ಒಬ್ಬೊಬ್ಬಳನ್ನೇ ಒರಗಿಸಿ ನಿಲ್ಲಿಸಿ, ನೆತ್ತಿಯ ಮೇಲೆ ಸ್ಕೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯುತ್ತಾಳೆ. ಯಾರ ಗೆರೆ ದಿಢೀರನೆ ಮೇಲೇರಿತೋ ಅವಳನ್ನು ಆ ವರ್ಷ ಕೈಬಿಡುವ ಹಾಗಿಲ್ಲ. ಎಷ್ಟು ಎಡವಿದರೂ ಪ್ರತಿ ಪಂದ್ಯದಲ್ಲೂ ಆಡಿಸಲೇಬೇಕು.

“ಕಾಲು ಉದ್ದ ಆಗಿರೋದು ತಲೆಗೆ ಇನ್ನೂ ಗೊತ್ತಾಗಿಲ್ಲ ಕಣೇ. ಗೊತ್ತಾಗೋವರೆಗೆ ನಾವು ಕಾಯ್ಬೇಕು,” ಎನ್ನುತ್ತಾಳೆ.

ಇದರಿಂದ ಎಷ್ಟು ಪಂದ್ಯ ಸೋತಿದ್ದಾಳೋ. ಅಪ್ಪ ಅಮ್ಮಂದಿರು ಜಗಳಕ್ಕೇ ಬರುತ್ತಾರೆ. ಇವಳು ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ.

ಈ ಪದ್ಧತಿ ಬಂದದ್ದು ಒಬ್ಬ ಹುಡುಗಿಯಿಂದ. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಅವಳನ್ನು ಎಲ್ಲರೂ ಮಿಂಚುಳ್ಳಿ ಎನ್ನುತ್ತಿದ್ದರು. ಚೆಂಡನ್ನು ಎಡಪಾದದ ಅಡಿಯಲ್ಲಿ ಒತ್ತಿ ಹಿಡಿದು, ಒಂದು ಕ್ಷಣ ನಿಂತು, ಹಿಮ್ಮಡಿಯಿಂದ ಹಿಂದಕ್ಕೆ ತಳ್ಳಿಬಿಡುತ್ತಿದ್ದಳು. ಎದುರಿನವಳು ಪಿಳಿಪಿಳಿ ಕಣ್ಣು ಬಿಡಬೇಕು. ಹದಿಮೂರು ತುಂಬಿದ ವರ್ಷ ಏನಾಯಿತೋ, ಚೆಂಡು ಅವಳ ಮಾತು ಕೇಳುವುದನ್ನೇ ಬಿಟ್ಟಿತು. ಸಮನಾದ ನೆಲದಲ್ಲೂ ಮುಗ್ಗರಿಸಿದಳು. ಅಕ್ಕ ಆಗ ಹೊಸಬಳು, ಗೆಲ್ಲುವ ಹುಚ್ಚು ಬೇರೆ. ಹುಡುಗಿಗೆ ಆಟದಲ್ಲಿ ಮನಸ್ಸಿಲ್ಲ ಎಂದುಕೊಂಡು, ಎಲ್ಲರ ಮುಂದೆ ತಂಡದ ಪಟ್ಟಿ ಓದುವಾಗ ಅವಳ ಹೆಸರು ಬಿಟ್ಟಳು. ಅವಳು ತಂಡದ ಶೂ ಬಿಚ್ಚಿ, ಜೋಡಿಸಿಟ್ಟು, ಬರಿಗಾಲಲ್ಲಿ ಮನೆಗೆ ಹೋದಳು. ಮತ್ತೆ ಬರಲಿಲ್ಲ.

ಪಟ್ಟಿ ಓದುವ ಮೊದಲೇ ಅಕ್ಕ ಎಲ್ಲರ ಜೆರ್ಸಿ ಅಳತೆ ನನಗೆ ತಂದುಕೊಟ್ಟಿದ್ದಳು. ವಾರದ ನಂತರ ಏಳನೇ ನಂಬರಿನದನ್ನು ಹೊಲಿದು ಮುಗಿಸಿ, ರಿಪೇರಿಗೆಂದು ನನ್ನ ಬಳಿ ಬಂದಿದ್ದ ಅವಳ ಹಳೆಯದರ ಮೇಲಿಟ್ಟು ನೋಡಿದೆ. ಮೂರು ಬೆರಳು ಉದ್ದ.

“ಅಕ್ಕಾ, ಆರೇ ತಿಂಗಳಲ್ಲಿ ಈ ಮಿಂಚುಳ್ಳಿ ಇಷ್ಟು ಬೆಳೆದಿದ್ದಾಳಲ್ಲೇ!”

ಅಕ್ಕ ಅದನ್ನು ಕೈಗೆ ತೆಗೆದುಕೊಂಡವಳು ಕೂತೇಬಿಟ್ಟಳು. ಅಳತೆ ತೆಗೆದವಳು ಅವಳು, ಬಟ್ಟೆ ಕತ್ತರಿಸಿದವಳು ನಾನು. ಇಬ್ಬರ ಕೈಯಲ್ಲೂ ಟೇಪಿತ್ತು, ಇಬ್ಬರಿಗೂ ಕಾಣಲಿಲ್ಲ. ಅಕ್ಕ ಅವತ್ತೇ ಹುಡುಗಿಯ ಮನೆ ಹುಡುಕಿಕೊಂಡು ಓಡಿದಳು. ಬಾಗಿಲಿಗೆ ಬೀಗ. ಅಪ್ಪನಿಗೆ ವರ್ಗವಾಗಿ ಊರು ಬಿಟ್ಟಿದ್ದರು.

ಆ ಜೆರ್ಸಿ ಅಂದಿನಿಂದ ನನ್ನ ಮಷಿನ್ನಿನ ಮೇಲಿನ ಮೊಳೆಯಲ್ಲೇ ಇದೆ. ವರ್ಷಕ್ಕೊಮ್ಮೆ ಅಕ್ಕ ಅದನ್ನು ಒಗೆದು, ಇಸ್ತ್ರಿ ಮಾಡಿ, ಮತ್ತೆ ನೇತುಹಾಕುತ್ತಾಳೆ. ಏಳನೇ ನಂಬರನ್ನು ಇನ್ನೊಬ್ಬರಿಗೆ ಕೊಟ್ಟಿಲ್ಲ. ಮೈದಾನದ ಗೇಟು ಕಿರ್ರೆಂದರೆ ಸಾಕು, ಆ ಕಡೆ ನೋಡುತ್ತಾಳೆ.

“ಅವಳಿಗೀಗ ಮೂವತ್ತು ದಾಟಿರುತ್ತೆ. ಇನ್ನೂ ಆಡೋಕೆ ಬರ್ತಾಳಾ?” ಎಂದು ನಾನು ರೇಗುತ್ತೇನೆ.

“ಆಡೋಕಲ್ಲ ಕಣೇ. ಒಂದು ಮಾತು ಹೇಳ್ಬೇಕಿತ್ತು.”

ಕಳೆದ ತಿಂಗಳು ಪಂದ್ಯಕ್ಕೆಂದು ತಂಡದ ಜೊತೆ ನಾನೂ ಬಸ್ಸು ಹತ್ತಿದ್ದೆ. ಈ ವರ್ಷ ಉದ್ದವಾಗುತ್ತಿರುವವಳಿಗೆ ಗೆಳತಿಯರು ಏಣಿ ಎಂದು ಹೆಸರಿಟ್ಟಿದ್ದಾರೆ. ಡ್ರೈವರ್ ಬ್ರೇಕ್ ಹಾಕಿದ್ದೇ ಏಣಿಯ ತೊಡೆಯ ಮೇಲಿದ್ದ ಚೆಂಡು ಜಾರಿ ಮುಂದಕ್ಕೆ ಉರುಳಿತು. ನಮಗೆ ಬೆನ್ನು ಹಾಕಿ ನಿಂತು ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಹೆಂಗಸು, ತಿರುಗಿಯೂ ನೋಡದೆ, ಅದನ್ನು ಎಡಪಾದದ ಅಡಿಯಲ್ಲಿ ಒತ್ತಿ ಹಿಡಿದಳು. ಒಂದು ಕ್ಷಣ ನಿಂತಳು. ಹಿಮ್ಮಡಿಯಿಂದ ಹಿಂದಕ್ಕೆ ತಳ್ಳಿದಳು. ಚೆಂಡು ನೇರ ಏಣಿಯ ಕಾಲ ಬಳಿ ಬಂತು.

ಅಕ್ಕ ನನ್ನ ತೋಳನ್ನು ಉಗುರು ನಾಟುವ ಹಾಗೆ ಹಿಡಿದುಕೊಂಡಳು. ಕಂಡಕ್ಟರ್ ನಮ್ಮ ಸೀಟಿಗೆ ಬಂದಳು.

“ಎಷ್ಟು ಟಿಕೆಟ್ ಮೇಡಂ?”

ಅಕ್ಕನ ಬಾಯಿಂದ ಆ ಮಾತು ತಲೆಬುಡವಿಲ್ಲದೆ ಹೊರಬಿತ್ತು. “ಅವತ್ತು ತಪ್ಪು ನಂದಮ್ಮಾ. ನೀನು ಬೆಳೀತಿದ್ದೆ. ನನಗೆ ಗೊತ್ತಾಗ್ಲಿಲ್ಲ.”

ಕಂಡಕ್ಟರ್ ಟಿಕೆಟ್ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಕ್ಕನ ಕಡೆ ಬಗ್ಗಿದಳು. “ನನಗೂ ಆಮೇಲೆ ಗೊತ್ತಾಯ್ತು ಮೇಡಂ. ಆದ್ರೆ ಆಗ ನನಗೆ ಹದಿಮೂರು.” ಆಮೇಲೆ ಏಣಿಯ ಕಡೆ ಕಣ್ಣು ಹಾಯಿಸಿದಳು. “ಈ ಹುಡುಗಿ ಇವತ್ತು ಆಡ್ತಾಳಾ?”

“ಕೊನೆವರೆಗೂ ಆಡ್ತಾಳೆ.”

ಅವಳು ತಲೆಯಾಡಿಸಿ, ಹುಡುಗಿಯರನ್ನು ಎಣಿಸಿ ಟಿಕೆಟ್ ಹರಿದುಕೊಟ್ಟಳು.

“ಭಾನುವಾರ ಮೈದಾನಕ್ಕೆ ಬಾಮ್ಮ. ನಿನ್ನ ಜೆರ್ಸಿ ಇದೆ.”

“ಭಾನುವಾರ ಡ್ಯೂಟಿ ಇರುತ್ತೆ ಮೇಡಂ,” ಎಂದು ಹಿಂದಿನ ಸೀಟಿಗೆ ಹೋದಳು.

ಆಗೆಲ್ಲ ಬಾಯ್ತುಂಬ ‘ಕೋಚಕ್ಕಾ’ ಎನ್ನುತ್ತಿದ್ದವಳು. ಒಂದೇ ಒಂದು ಸಲ ಅಕ್ಕಾ ಅನ್ನಬಾರದಿತ್ತೇ ಎಂದು ನನಗೆ ಸಂಕಟವಾಯಿತು, ಸಿಟ್ಟೂ ಬಂತು.

ಪಂದ್ಯ ಸೋತೆವು. ಏಣಿ ಐದು ಸಲ ಬಿದ್ದಳು; ಅಕ್ಕ ಅವಳನ್ನು ಹೊರಗೆ ಕರೆಯಲಿಲ್ಲ. ಮನೆಗೆ ಬಂದವಳೇ ಮೊಳೆಯಿಂದ ಜೆರ್ಸಿ ತೆಗೆದಳು. ಅಂತೂ ಪೆಟ್ಟಿಗೆಗೆ ಹಾಕುತ್ತಾಳೆ ಎಂದುಕೊಂಡೆ. ತಂದು ನನ್ನ ಮಷಿನ್ನಿನ ಮೇಲಿಟ್ಟಳು.

“ಪಕ್ಕದ ಹೊಲಿಗೆ ಬಿಚ್ಚಿ ಪಟ್ಟಿ ಸೇರಿಸು. ಮೂವತ್ತೆರಡು ವರ್ಷದ ಹೆಂಗಸಿಗೆ ಇದು ಎಲ್ಲಾಗುತ್ತೆ?”

“ಬರ್ತೀನಿ ಅಂತ ಅವಳು ಹೇಳಿಲ್ವಲ್ಲೇ ಅಕ್ಕಾ.”

“ಬರಲ್ಲ ಅಂತಾನೂ ಹೇಳಿಲ್ಲ. ಡ್ಯೂಟಿ ಇರುತ್ತೆ ಅಂದ್ಲು.”

ಇವಳ ಜೊತೆ ವಾದ ಮಾಡುವವರು ಯಾರು? ಬಸ್ಸಿನಲ್ಲಿ ನೋಡಿದ ಕಣ್ಣಳತೆ ನೆನಪಿತ್ತು. ಈ ಸಲ ತಪ್ಪಬಾರದೆಂದು ಪಟ್ಟಿಯ ಬಟ್ಟೆಯನ್ನು ಎರಡೆರಡು ಸಲ ಅಳೆದು ಕತ್ತರಿ ಹಾಕಿದೆ.