ಮಾವನ ಗಡ್ಡ

ನನ್ನ ಮಾವ ಉಜ್ಜಿನಪ್ಪ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿದವರು. ನಾನು ಅವರ ಅಕ್ಕನ ಮಗ ಈಶ್ವರ, ಚೋರನೂರಿನವನು. ಐದನೇ ಕ್ಲಾಸಿಗೆ ಶಾಲೆ ಬಿಡಿಸಿ ಗಿರಣಿಗೆ ಕರೆತಂದರು, ಮುಂದೆ ಮಗಳು ಶೈಲಜಾಳನ್ನೂ ಕೊಟ್ಟರು. ಅಂದಿನಿಂದ ನಾನು ಮನೆ ಅಳಿಯ.

ಗಡ್ಡಕ್ಕೆಂದು ಮಾವ ಯಾರ ಕೈಗೂ ಮುಖ ಕೊಟ್ಟವರಲ್ಲ. ಬೆಳಿಗ್ಗೆ ಪಡಸಾಲೆಯಲ್ಲಿ ಕೂತು, ಮಡಚುವ ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆದೆಳೆದು ಮಸೆದು ತಾವೇ ತೆಗೆಯುತ್ತಿದ್ದರು. ಆಮೇಲೆ ಸ್ನಾನ, ಲಿಂಗಪೂಜೆ, ರೊಟ್ಟಿ. ಗಡ್ಡ ತೆಗೆಯದೆ ಪೂಜೆಗೆ ಕೂಡುವುದಿಲ್ಲ. ಪೂಜೆಯಾಗದೆ ತುತ್ತು ಮುಟ್ಟುವುದಿಲ್ಲ.

ಹೋದ ವರ್ಷ ಲಕ್ವಾ ಹೊಡೆದು ಅವರ ಬಲಗೈ ಬಿತ್ತು. ಬಾಯಿ ಸೊಟ್ಟಗಾಗಿ ಜೊಲ್ಲು ಇಳಿಯತೊಡಗಿತು. ಅದನ್ನು ಹೊರಗಿನವರು ನೋಡಬಾರದು, ಕ್ಷೌರದವನನ್ನು ಮನೆಗೆ ಕರೆಸಬಾರದು ಎಂದು ಹಠ. ಹೆಂಗಸರ ಕೈಗೆ ಕತ್ತಿ ಕೊಡುವವರಲ್ಲ. ಉಳಿದವನು ನಾನೊಬ್ಬ.

ನಾನು ಮೀಸೆ ಬಂದಾಗಿನಿಂದ ಸೇಫ್ಟಿ ರೇಜರಿನವನು, ಎರಡು ನಿಮಿಷದ ಕೆಲಸ. ಹೊಸದೊಂದು ತಂದು ಅವರ ಎಡಗೈಗೆ ಕೊಟ್ಟೆ.

"ಇದನ್ನ ಒಂದ ಕೈಲಿ ಮಾಡ್ಕಬಹುದು ಮಾವ."

"ಕೋಳಿ ಕೆದರಿದಂಗ ಆಗ್ತೈತಿ. ಬ್ಯಾಡ."

ಕತ್ತಿಗೆ ಎರಡೂ ಕೈ ಬೇಕು. ಒಂದು ಚರ್ಮ ಬಿಗಿಹಿಡಿಯಲು, ಇನ್ನೊಂದು ಎಳೆಯಲು. ಸೋರೆಕಾಯಿಗೆ ಸಾಬೂನು ಹಚ್ಚಿಸಿ ಒಂದು ವಾರ ಅದರ ಮೇಲೆ ಕಲಿಸಿದರು. ಗೀರಿದ ಕಾಯಿಯನ್ನೆಲ್ಲಾ ನೀಲಗಂಗಮ್ಮತ್ತೆ ತೊಳೆದು, "ಇವತ್ತೂ ಗಡ್ಡದ ಪಲ್ಯ" ಎಂದು ಬಡಿಸುತ್ತಿದ್ದರು.

ಮುಖದ ಮೇಲೆ ಮೊದಲ ದಿನವೇ ರಕ್ತ ಬಂತು.

"ಲೇ ಈಶ್ವರ, ಒತ್ತಬ್ಯಾಡ. ಅದರ ಭಾರಕ್ಕ ಅದು ಇಳೀತೈತಿ. ನೀ ಏನ್ ಗಿರಣಿ ಬೆಲ್ಟ್ ಎಳ್ಯಾಕತ್ತೀ?"

"ಹಂಗಾರ ನೀವ ಮಾಡ್ಕಳ್ರಿ!" ಎಂದು ನೀರಿನ ತಂಬಿಗೆ ಒದ್ದೆ. ಅವರು ಅರ್ಧ ಮುಖದ ಸಾಬೂನಿನಲ್ಲಿ ಹಾಗೇ ಕೂತರು. ನಾನೇ ತಂಬಿಗೆ ತುಂಬಿಕೊಂಡು ಬಂದೆ. ಬರದೆ ಏನು ಮಾಡಲಿ, ಮುದುಕ ಉಪವಾಸ ಕೂಡುತ್ತಾನೆ.

ಮೂರು ತಿಂಗಳಿಗೆ ಕೈ ಕುದುರಿತು. ಕೈ ಕುದುರಿದಷ್ಟೂ ಮನೆ ಬಿಟ್ಟು ಕದಲದಂತಾಯಿತು. ನಂಟರ ಮದುವೆಗೂ ಗಡ್ಡ ಮುಗಿಸಿಯೇ ಹೋಗಬೇಕು, ಕತ್ತಲಾಗುವುದರೊಳಗೆ ಬರಬೇಕು.

ಆಗ ಕುರೆಕುಪ್ಪದಲ್ಲಿ ಲಾರಿ ತೂಗುವ ಕಾಟಾದಲ್ಲಿ ನನಗೊಂದು ಕೆಲಸ ಸಿಕ್ಕಿತು. ಪಾಳಿ ಕೆಲಸ, ಅಲ್ಲೇ ಉಳಿಯಬೇಕು. ನಲವತ್ತಾರನೇ ವಯಸ್ಸಿಗೆ ಮಾವನದಲ್ಲದ ಮೊದಲ ಕೂಲಿ. ಎರಡು ಸಲ ಮುಂದೂಡಿದ್ದೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಬರದಿದ್ದರೆ ಬೇರೆಯವನಿಗೆ ಎಂದು ಹೇಳಿಬಿಟ್ಟರು.

ಮಂಗಳವಾರ ರಾತ್ರಿ ಗಿರಣಿ ಬೆಲ್ಟ್ ಹರಿಯಿತು. ಬುಧವಾರ ಎದ್ದವನೇ ಹೊಸ ಬೆಲ್ಟ್ ತರಲು ಹೊಸಪೇಟೆಗೆ ಓಡಿ, ಮುದುಕ ಹಸಿದಿರುತ್ತಾನೆ ಎಂದು ಒದ್ದಾಡುತ್ತ ಮಧ್ಯಾಹ್ನಕ್ಕೆ ಬಂದೆ. ಮಾವ ಹಣೆ ತುಂಬಾ ವಿಭೂತಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದರು. ಗದ್ದ ನುಣ್ಣಗಿತ್ತು. ಕಿಟಕಿಯಲ್ಲಿ ಸೇಫ್ಟಿ ರೇಜರ್, ಇನ್ನೂ ಹಸಿ.

"ಯಾರು ಮಾಡಿದ್ರು?"

ಅತ್ತೆ ತಲೆ ತಗ್ಗಿಸಿದರು. "ತಾವೇ ಮಾಡ್ಕಂಡಾರಪ. ಎಡಗೈಗೆ ಭಾಳ ದಿನದ ಹಿಂದೇ ರೂಢಿ ಆಗೇತಿ. ಹೇಳಬ್ಯಾಡ ಅಂದಿದ್ರು."

ನನ್ನ ಮೈ ಉರಿದುಹೋಯಿತು. "ಮಾವ, ನಾ ಏನ್ ನಿಮಗ ಕಟ್ಟಿದ ಎತ್ತೇನ್ರಿ?"

ಅವರು ರೊಟ್ಟಿ ಕೆಳಗಿಟ್ಟರು. "ಹೇಳಿದ್ರ ನೀ ಇರ್ತಿದ್ದೇನು?"

ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬಿದೆ.

ಮರುದಿನ ಬ್ಯಾಗು ಹಿಡಿದು ಹೊರಟಾಗ ಮಾವ ಮುಖಕ್ಕೆ ತಾವೇ ಸಾಬೂನು ಹಚ್ಚಿಕೊಂಡು, ಕತ್ತು ಎತ್ತಿ ಕೂತಿದ್ದರು. ಮುಂದೆ ಕತ್ತಿ. ಸೇಫ್ಟಿ ರೇಜರ್ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು.

"ಅದರಾಗ ಮಾಡ್ಕಳ್ರಿ," ಎಂದು ಹೊಸಲು ದಾಟಿದೆ.

ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕುರೆಕುಪ್ಪದ ಬಸ್ಸಿಗೆ ಹತ್ತುವಾಗ ಶೈಲಜಾಳ ಫೋನು ಬಂತು.

"ಅಪ್ಪ ಹಂಗ ಕುಂತಾರ್ರಿ. ಸಾಬೂನು ಒಣಗೇತಿ. ರೇಜರ್ ಕೊಟ್ರ ಒಗೀತಾರ."

"ಒಗೀಲಿ!" ಎಂದು ಫೋನು ಕಟ್ ಮಾಡಿದೆ. ಬಸ್ಸಿನವನು ಸೀಟಿ ಊದಿದ. ಒಂದು ಕಾಲು ಮೆಟ್ಟಿಲ ಮೇಲಿತ್ತು. ಇಳಿದೆ. ಬಸ್ಸಿಗೂ ಬೈದೆ, ಮಾವನಿಗೂ ಬೈದೆ.

ಕಂಪ್ಲಿ ಮುಟ್ಟಿದಾಗ ಹತ್ತು ದಾಟಿತ್ತು. ಮಾವ ಕೂತಲ್ಲೇ ಕೂತಿದ್ದರು, ಕೆನ್ನೆಯ ಮೇಲೆ ಬಿಳಿ ಹಕ್ಕಳೆ.

"ನೀರು ಆರೇತಿ," ಎಂದರು.

ಬಿಸಿನೀರು ತರಲು ಒಳಗೆ ಹೋದೆ.