ವಾಲ್ರಸ್ ಕಾಯಲು ಹೋದ ಎಪರಾಯಿಮ್

ಗ್ರೀನ್‌ಲ್ಯಾಂಡಿನ ಪೂರ್ವದಂಡೆಯ ನಮ್ಮ ಊರಿನಲ್ಲಿ ಎಪರಾಯಿಮ್‌ನಷ್ಟು ಕಡಿಮೆ ಮಾತಾಡುವವನು ಇನ್ನೊಬ್ಬನಿಲ್ಲ. ಅಂಥವನ ಜೊತೆ ಎಷ್ಟೋ ಬೇಸಿಗೆ ದಿನಾ ಸಂಜೆ ಮಾತಾಡಿದವಳು ನಾನು, ಬಿಬಿಯಾನೆ. ಬಂದರಿನ ರೇಡಿಯೋ ನೋಡಿಕೊಳ್ಳುವುದು ನನ್ನ ಕೆಲಸ. ಅದೂ ಅಲ್ಲದೆ ಅವನು ನನ್ನ ಅಕ್ಕನ ಗಂಡ.

ಅಕ್ಕ ಮಾಲೇನೆ ಇದ್ದಷ್ಟು ದಿನ ಅವನಿಗೆ ಮಾತಿನ ಅಗತ್ಯವೇ ಬೀಳಲಿಲ್ಲ. ಅವನ ಪಾಲಿನದನ್ನೂ ಅವಳೇ ಆಡಿಬಿಡುತ್ತಿದ್ದಳು. ಅವನು ಬೇಟೆಯಿಂದ ಬಂದು ಬೂಟು ಕಳಚುತ್ತಿದ್ದರೆ, "ಗಾಳಿ ಜೋರಿತ್ತು, ಒಂದು ಸೀಲ್ ಸಿಕ್ತು, ಇನ್ನೊಂದು ತಪ್ಪಿಸ್ಕೊಳ್ತು, ಅಲ್ವೇನ್ರೀ?" ಎಂದು ಮುಖ ನೋಡಿಯೇ ಹೇಳುವಳು. ಅವನು ನಗುವನು. ಅವರಿಗೆ ಮಕ್ಕಳಾಗಲಿಲ್ಲ. ಸೂರ್ಯನೇ ಹುಟ್ಟದ ಚಳಿಗಾಲದ ದಿನಗಳಲ್ಲಿ ಅವಳ ಶ್ವಾಸಕೋಶ ಕೈಕೊಟ್ಟಿತು. ಹಿಮಗಾಳಿಗೆ ಆಸ್ಪತ್ರೆಗೆ ಒಯ್ಯುವ ಹೆಲಿಕಾಪ್ಟರ್ ಮೇಲೇಳಲಿಲ್ಲ. ಅವಳು ಹೋದ ಮೇಲೆ ಸೂರ್ಯ ಮರಳಿ ಬಂದ ದಿನ ಊರಿನ ಮಕ್ಕಳೆಲ್ಲ ಗುಡ್ಡ ಹತ್ತಿ ಕೇಕೆ ಹಾಕಿದರು. ಎಪರಾಯಿಮ್ ಕಿಟಕಿಯ ಪರದೆ ಸರಿಸಲಿಲ್ಲ.

ಅವನದು ವಾಲ್ರಸ್ ಬೇಟೆಯ ಮನೆತನ. ದೋಣಿಯಲ್ಲಿ ಅರ್ಧ ದಿನದ ದಾರಿ ಹೋದರೆ ಕೊಲ್ಲಿಯ ಬಾಯಲ್ಲಿ ಒಂದು ಮರಳುದಿಣ್ಣೆ ಸಿಗುತ್ತದೆ. ಮಂಜುಗಡ್ಡೆ ಸರಿದ ಮೇಲೆ ಉದ್ದ ಕೋರೆಹಲ್ಲು, ದಪ್ಪ ಮೀಸೆಯ ವಾಲ್ರಸ್‌ಗಳು ನೀರಿನಿಂದೆದ್ದು ಬಂದು ಅಲ್ಲಿ ಒಂದಕ್ಕೊಂದು ಒರಗಿ ಮಲಗುತ್ತವೆ. ಅವನ ಅಪ್ಪ, ಅಜ್ಜ ಇಬ್ಬರೂ ಅಲ್ಲೇ ಹೊಡೆದು ತಂದು ಊರಿಗೆಲ್ಲ ಮಾಂಸ ಹಂಚಿದವರು. ಆಮೇಲೆ ಪ್ರವಾಸಿ ಹಡಗುಗಳು ಬರತೊಡಗಿದವು. ಜನ ಕ್ಯಾಮೆರಾ ಹಿಡಿದು ರಬ್ಬರ್ ದೋಣಿಗಳಲ್ಲಿ ತೀರಾ ಹತ್ತಿರ ನುಗ್ಗುತ್ತಿದ್ದರು. ಒಂದು ಕಡೆ ನಮ್ಮ ಬಂದೂಕು, ಇನ್ನೊಂದು ಕಡೆ ಅವರ ದೋಣಿ. ವರ್ಷದಿಂದ ವರ್ಷಕ್ಕೆ ದಿಣ್ಣೆ ಬರಿದಾಗುತ್ತ ಬಂತು.

ಅಕ್ಕ ತೀರಿಕೊಂಡ ವರ್ಷವೇ ಬೇಟೆಗಾರರು ಊರಿನ ಭವನದಲ್ಲಿ ಸೇರಿದರು. ಜಗಳವಾಡಿ, ಕಾಫಿ ಕುಡಿದು, ಮತ್ತೆ ಜಗಳವಾಡಿ ಕೊನೆಗೆ ಒಂದು ಮಾತಿಗೆ ಬಂದರು. ದಿಣ್ಣೆಯಲ್ಲಿ ಇನ್ನು ಬೇಟೆ ಇಲ್ಲ. ಹಡಗುಗಳು ಬರಬಹುದು, ಆದರೆ ಊರಿನ ಕಾವಲುಗಾರ ಕೈಮಾಡಿ ಕರೆದರೆ ಮಾತ್ರ ಜನ ಇಳಿಯಬೇಕು, ಅವನು ತೋರಿಸಿದಲ್ಲಿ ನಿಲ್ಲಬೇಕು. ಅವರು ಕೊಡುವ ಶುಲ್ಕದಲ್ಲಿ ಶಾಲೆಗೂ ಮುದುಕರ ಮನೆಗಳಿಗೂ ಒಲೆಯ ಎಣ್ಣೆ. ದಿಣ್ಣೆ ನೋಡಿದ ಹಡಗು ಊರಿಗೂ ಬರಬೇಕು. ನಮ್ಮ ಹೆಂಗಸರ ಕಾಫಿ ಕುಡಿದು, ಅವರು ಹೊಲಿದ ಸೀಲ್ ತೊಗಲಿನ ಕೈಗವಸು ಕೊಳ್ಳಬೇಕು.

ಎಲ್ಲ ಸರಿ, ಬೇಸಿಗೆ ಪೂರ್ತಿ ಆ ದಿಣ್ಣೆಯ ಗುಡಿಸಲಲ್ಲಿ ಕೂರುವವರು ಯಾರು? ಹಿಂದಿನ ಬೆಂಚಿನಿಂದ ಎಪರಾಯಿಮ್ ಎದ್ದ. "ನಾನು ಹೋಗ್ತೀನಿ."

ಅವನ ಜೊತೆಗೇ ಬೇಟೆ ಕಲಿತ ಬೋವಾಸ್ ಊರಿಗೆಲ್ಲ ದೊಡ್ಡ ಬಾಯಿ. "ನೀನಾ? ವಾಲ್ರಸ್ ಹೊಡೆದ ಕೈಲಿ ಅವಕ್ಕೆ ತೊಟ್ಟಿಲು ತೂಗ್ತೀಯೇನೋ?" ಎಂದ.

"ಮನೇಲಿ ಕೂತ್ರೂ ಒಬ್ನೇ, ಅಲ್ಲಿ ಕೂತ್ರೂ ಒಬ್ನೇ."

ಹಿಮಕರಡಿ ಬಂದೀತೆಂದು ಒಂದು ಬಂದೂಕು, ಒಂದು ರೇಡಿಯೋ, ಒಣಮೀನಿನ ಮೂಟೆ, ಇಷ್ಟು ತೆಗೆದುಕೊಂಡು ಆ ಬೇಸಿಗೆ ಅವನು ಹೊರಟುಹೋದ.

ಸಂಜೆಯಾದರೆ ನಾನು ರೇಡಿಯೋದಲ್ಲಿ ಕರೆಯುತ್ತಿದ್ದೆ.

"ಭಾವ, ಹೇಗಿದೀರಾ?"

"ಇದೀನಿ."

"ಊಟ ಆಯ್ತಾ?"

"ಆಯ್ತು."

ಹೀಗೆ ಅವನ ಬಾಯಿಂದ ಒಂದೊಂದೇ ಮಾತು ಕೀಳಬೇಕು. ಒಮ್ಮೆ ದೊಡ್ಡ ಹಡಗೊಂದು ಬಂದುಹೋದ ದಿನ ನಾನು ಖುಷಿಯಿಂದ, "ಇವತ್ತಾದ್ರೂ ಜನ ಸಿಕ್ಕಿದ್ರಲ್ಲ, ಮಾತಾಡಿದ್ರಾ?" ಎಂದೆ.

"ಮಾತಾಡೋ ಹಾಗಿಲ್ವಲ್ಲಮ್ಮ. ಸದ್ದಾದ್ರೆ ಅವು ಎದ್ಬಿಡ್ತವೆ. ಎಲ್ಲರೂ ಬಾಯಿ ಮುಚ್ಕೊಂಡು ನಿಂತಿರ್ತಾರೆ. ಆಮೇಲೆ ಕೈ ಬೀಸಿ ಹೋಗ್ತಾರೆ."

"ನೀವು?"

"ನಾನೂ ಬೀಸ್ತೀನಿ."

ಅವತ್ತು ರೇಡಿಯೋ ಆರಿಸಿದ ಮೇಲೂ ನಾನು ಕುರ್ಚಿಯಿಂದ ಏಳಲಿಲ್ಲ. ಜಗತ್ತಿನ ನಾನಾ ಮೂಲೆಯಿಂದ ಬಂದವರು ಅವನೆದುರು ಸಾಲಾಗಿ ನಿಂತಿದ್ದಾರೆ, ಒಬ್ಬರೂ ತುಟಿ ಬಿಚ್ಚುತ್ತಿಲ್ಲ, ಬಿಚ್ಚಬೇಡಿರೆಂದು ಬಾಯಿಗೆ ಬೆರಳಿಟ್ಟು ನಿಂತವನೂ ಅವನೇ. ಅದು ಕಣ್ಣ ಮುಂದಿಂದ ಹೋಗಲಿಲ್ಲ.

ಹೀಗೆ ಕೆಲವು ವರ್ಷ ಕಳೆದವು. ದಿಣ್ಣೆಯ ಮೇಲೆ ವಾಲ್ರಸ್‌ಗಳು ಹೆಚ್ಚಿದವು. ಸಾಮಾನ್ಯವಾಗಿ ಅಲ್ಲಿಗೆ ಗಂಡುಗಳೇ ಬರುವುದು. ಒಂದು ಬೇಸಿಗೆ ತಾಯಿ-ಮರಿಗಳೂ ಬಂದವು. ಅದೇ ವಾರ ಆ ವರ್ಷದ ಅತಿ ದೊಡ್ಡ ಹಡಗೂ ಬಂತು. ಊರಿನಲ್ಲಿ ಹೆಂಗಸರು ಮೇಜು ಹಾಕಿ ಕೈಗವಸು, ಮಣಿಸರ ಹರವಿ ಕಾಯುತ್ತಿದ್ದರು. ನಾನೂ ಕೇಕ್ ಮಾಡಿಟ್ಟು ರೇಡಿಯೋ ಮುಂದೆ ಕೂತಿದ್ದೆ. ಹಡಗಿನವನೂ ಭಾವನೂ ಆಡುತ್ತಿದ್ದ ಮಾತು ನನಗೂ ಕೇಳಿಸುತ್ತಿತ್ತು.

"ಇವತ್ತು ಇಳೀಬೇಡಿ," ಅಂದ ಭಾವ. "ಗಾಳಿ ನಿಮ್ಮ ಬೆನ್ನಿಗಿದೆ, ನಿಮ್ಮ ವಾಸನೆ ಅವಕ್ಕೆ ಬಡಿಯತ್ತೆ. ಮರಿಗಳಿದಾವೆ."

"ಯಜಮಾನ್ರೇ, ಜನ ಭೂಮಿಯ ಆ ತುದಿಯಿಂದ ಬಂದಿದಾರೆ. ಹೀಗೆ ಬಂದು ಹಾಗೆ ಹೋಗ್ತೀವಿ."

"ಬೇಡ."

"ಹಾಗಾದ್ರೆ ನಾಳೆ?"

"ನಾಳೆ ಗಾಳಿಯನ್ನ ಕೇಳ್ಬೇಕು."

ಹಡಗು ಸಿಟ್ಟಾಗಿ ದಕ್ಷಿಣಕ್ಕೆ ತಿರುಗಿತು. ಊರಿಗೂ ಬರಲಿಲ್ಲ. ಹೆಂಗಸರು ಹರವಿದ್ದನ್ನೆಲ್ಲ ಮಡಿಚಿಟ್ಟರು. ಬೋವಾಸ್ ಬಂದವನೇ ನನ್ನ ಕೈಯಿಂದ ಮೈಕ್ ಕಿತ್ತುಕೊಂಡ. "ಏನೋ, ಆ ಮೀಸೆ ಹೆಂಡ್ತೀರು ನಿಂಗೆ ಊರಿಗಿಂತ ಹೆಚ್ಚಾದ್ರೇನೋ? ನನ್ನವಳು ಚಳಿಗಾಲ ಪೂರ್ತಿ ಕಣ್ಣು ಕಳ್ಕೊಂಡು ಹೊಲಿದಿದಾಳೆ ಕಣೋ!"

ಆ ಕಡೆಯಿಂದ ಗಾಳಿಯ ಸದ್ದು ಬಂತು.

ಬೇಸಿಗೆ ಮುಗಿದು ಅವನ ದೋಣಿ ಬಂದಾಗ ಹಗ್ಗ ಹಿಡಿಯಲು ಬಂದರಿನಲ್ಲಿ ನನ್ನ ಹೊರತು ಯಾರೂ ನಿಲ್ಲಲಿಲ್ಲ. ಆ ವಾರವೇ ಸಭೆ ಕರೆದರು. ಇವನನ್ನು ತೆಗೆದು ಸ್ವಲ್ಪ ಹೊಂದಿಕೊಂಡು ಹೋಗುವವನನ್ನು ಹಾಕಬೇಕು ಎಂದರು. ಎಪರಾಯಿಮ್ ಎದ್ದು ನಿಂತ. ಅವನು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಹಿಂದೆಯೂ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ.

"ಮೊದಲನೇ ಬೇಸಿಗೇಲಿ ಒಂದು ಸಣ್ಣ ದೋಣಿ ಹೇಳದೆ ಕೇಳದೆ ಬಂದಿತ್ತು. ಗಾಳಿ ಅದರ ಬೆನ್ನಿಗಿತ್ತು. ಹಿಂಡು ಗಾಬರಿಯಾಗಿ ನೀರಿಗೆ ಬಿತ್ತು. ಆಗ ಒಂದೇ ಒಂದು ಮರಿ ಇತ್ತು, ಅದು ಹಿಂಡಿನ ಕೆಳಗೆ ಸಿಕ್ಕಿ ಸತ್ತೋಯ್ತು. ತಾಯಿ ವಾಪಸ್ ಬಂತು. ಮೂತೀಲಿ ನೂಕ್ತು, ನೂಕ್ತಾನೇ ಇತ್ತು, ಏಳು ಏಳು ಅನ್ನೋ ಹಾಗೆ. ನೀರಿಗೆ ಇಳೀಲೇ ಇಲ್ಲ. ನಾನೂ ಗುಡಿಸಲಿಗೆ ಹೋಗ್ಲಿಲ್ಲ. ದೂರದಲ್ಲಿ ಕೂತಿದ್ದೆ."

ಅವನು ಟೋಪಿಯನ್ನು ಕೈಯಲ್ಲೇ ಹಿಂಡಿದ. "ಮಾಲೇನೆ ಹೋದಾಗ ನೀವೆಲ್ಲ ನಮ್ಮನೇಗೆ ಬಂದಿದ್ರಿ. ಇಲ್ಲ ಅನ್ನಲ್ಲ. ಆದ್ರೆ ಎಲ್ಲರೂ ಮಾತಾಡ್ತಿದ್ರಿ. ಸುಮ್ನೆ ಪಕ್ಕದಲ್ಲಿ ಕೂತವರಿಲ್ಲ."

ಅಷ್ಟು ಹೇಳಿ ಕೂತ. ಕೊನೆಗೆ ಬೋವಾಸನೇ ಎದ್ದ. "ಇವನ ಬದಲು ಯಾರು ಹೋಗ್ತೀರಿ? ಕೈ ಎತ್ತಿ ನೋಡೋಣ." ಒಂದು ಕೈಯೂ ಏಳಲಿಲ್ಲ. "ಹಾಗಾದ್ರೆ ತೆಪ್ಪಗೆ ಕಾಫಿ ಕುಡೀರಿ."

ಮುಂದಿನ ಬೇಸಿಗೆ ಬೋವಾಸ್ ತಾನೂ ಜೊತೆಗಿರುತ್ತೇನೆಂದು ದಿಣ್ಣೆಗೆ ಹೋದ. ಒಂದೇ ವಾರಕ್ಕೆ ಹಿಂತಿರುಗಿದ. "ಆಗಲ್ಲ ಕಣೆ ಬಿಬಿ. ಒಂದಿನ ಕೆಮ್ಮಿದೆ ನೋಡು, ನನ್ನ ಕೆಮ್ಮಿಗೆ ನಾನೇ ಬೆಚ್ಚಿಬಿದ್ದೆ," ಎಂದ. ಮುನಿದುಹೋದ ಹಡಗು ಮತ್ತೆ ಬರಲಿಲ್ಲ. ಬೇರೆ ಚಿಕ್ಕ ಹಡಗುಗಳು ಬಂದವು, ಗಾಳಿ ಸರಿಯಾಗುವವರೆಗೆ ಲಂಗರು ಹಾಕಿ ಕಾದವು. ಊರಿಗೆ ಎಣ್ಣೆಯೂ ಬಂತು, ಕೈಗವಸೂ ಮಾರಾಟವಾಯಿತು. ಎಪರಾಯಿಮ್‌ನ ಗಡ್ಡ ಬೆಳ್ಳಗಾಯಿತು.

ಹೋದ ವರ್ಷ ಸಮುದ್ರದ ಹಿಮ ಒಡೆಯಲೇ ಇಲ್ಲ. ಅದು ಒಡೆದೀತೆಂದು ಕಾಯದೆ ಅವನು ನಾಯಿಗಳೆಳೆಯುವ ಬೋವಾಸನ ಜಾರುಬಂಡಿ ಹತ್ತಿ ಮೊದಲೇ ದಿಣ್ಣೆ ಸೇರಿದ್ದ. ದಿಣ್ಣೆಯ ಮುಂದೆ ಮಾತ್ರ ಒಂದಿಷ್ಟು ನೀರು ತೆರೆದಿತ್ತಂತೆ.

"ಭಾವ, ಈ ವರ್ಷ ಹಡಗು ಬರಲ್ಲ," ಎಂದೆ ರೇಡಿಯೋದಲ್ಲಿ. "ಒಂದೂ ಬರಲ್ಲ. ಯಾರಿಗೋಸ್ಕರ ಕೂತಿದೀರಾ ಅಲ್ಲಿ?"

"ಇವು ಬಂದಿದಾವೆ."

ಆಮೇಲೆ ಅವನೇ, "ಊರಲ್ಲಿ ಏನ್ ಸಮಾಚಾರ? ಹೇಳು," ಎಂದ.

ಅವನು ಹಾಗೆ ಕೇಳಿದ್ದು ಅದೇ ಮೊದಲು. ಬೋವಾಸನ ನಾಯಿ ಮರಿ ಹಾಕಿದ್ದು, ಚರ್ಚಿನ ಬಾಗಿಲಿಗೆ ಬಣ್ಣ ಬಳಿದದ್ದು ಹೇಳಿದೆ. "ಇನ್ನೂ ಹೇಳು," ಎಂದ. ಊರಿನ ಸುದ್ದಿ ಎಷ್ಟೆಂದು ಇದ್ದೀತು? ಮುಗಿದುಹೋಯಿತು. ಕೊನೆಗೆ ಚಿಕ್ಕಂದಿನಲ್ಲಿ ಅಕ್ಕ ಅಮ್ಮನ ಹೊಸ ಬೂಟು ಕದ್ದು ಹಾಕಿಕೊಂಡು ಹಿಮದಲ್ಲಿ ಹೂತುಹೋದ ಕಥೆ ತೆಗೆದೆ.

"ಕೇಳಿಸ್ತಿದ್ಯಾ ಭಾವ?"

"ಹೇಳು."

ಆ ಬೇಸಿಗೆ ಪೂರ್ತಿ ನನಗೆ ಗೊತ್ತಿದ್ದ ಅಕ್ಕನ ಕಥೆಗಳನ್ನೆಲ್ಲ ಹೇಳಿದೆ. ಗೊತ್ತಿಲ್ಲದ ಕಡೆ ಸೇರಿಸಿಯೂ ಹೇಳಿದೆ. ಅವನು ತಿದ್ದಲಿಲ್ಲ.

ಬೇಸಿಗೆಗೆ ಮೆತ್ತಗಾಗಿದ್ದ ಹಿಮ ಮತ್ತೆ ಗಟ್ಟಿಯಾದ ಮೇಲೆ ಬೋವಾಸ್ ಹೋಗಿ ಅವನನ್ನು ಕರೆತಂದ. ಆ ವಾರ ಬೋವಾಸನ ಮೊಮ್ಮಗಳ ಹುಟ್ಟುಹಬ್ಬವಿತ್ತು. ಮನೆ ತುಂಬ ಜನ, ಒಲೆಯ ಮೇಲೆ ಸೀಲ್ ಮಾಂಸದ ಸಾರು, ಎಲ್ಲರ ಬಾಯಲ್ಲೂ ಒಟ್ಟಿಗೆ ಮಾತು. ಎಪರಾಯಿಮ್ ಮೂಲೆಯಲ್ಲಿ ಕೂತು ಒಬ್ಬೊಬ್ಬರ ತುಟಿಯನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಎದ್ದು ಹೊರಗೆ ಹೋದ. ಕಿಟಕಿಯಿಂದ ನೋಡಿದೆ. ಕಟ್ಟಿಹಾಕಿದ ನಾಯಿಗಳ ನಡುವೆ ಬರಿಗೈ ಇಳಿಬಿಟ್ಟು ನಿಂತಿದ್ದ.

ನಾನು ಕರೆಯಲು ಹೋಗಲಿಲ್ಲ. ಅವನ ಲೋಟದಲ್ಲಿ ಆರಿದ್ದ ಕಾಫಿ ಚೆಲ್ಲಿ ಬಿಸಿಯದನ್ನು ಬಗ್ಗಿಸಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಒಳಗೆ ಬಂದು ಕೂತು ಕುಡಿದ.